ಗ್ರಾಮ ಪಂಚಾಯಿತಿ ಪಟ್ಟಣ ಪಂಚಾಯಿತಿಯಾಗುವಾಗ: ಠರಾವಿನಿಂದ ಮೊದಲ ಚುನಾವಣೆವರೆಗೆ

ಊರು ಮೇಲ್ದರ್ಜೆಗೇರಿತು ಎಂದು ಪತ್ರಿಕೆಯಲ್ಲಿ ಬಂದ ವಾರ ಕಚೇರಿಯ ಮುಂದೆ ಹೊಸ ಫಲಕ ಏರುತ್ತದೆ. ಮೂರು ತಿಂಗಳು ಕಳೆಯುವಷ್ಟರಲ್ಲಿ ಅದೇ ಕಚೇರಿಯ ಮುಂದೆ ಖಾತೆ ಆಗದವರು, ಕೂಲಿ ಬಾರದವರು, ಸಂಬಳ ನಿಂತ ನೀರುಗಂಟಿಗಳು ಸೇರುತ್ತಾರೆ. ಸರ್ಕಾರದ ಅಧಿಸೂಚನೆ ಒಂದು ದಿನದ ಕೆಲಸ. ಹಳೆಯ ಸಂಸ್ಥೆಯ ಆಸ್ತಿ, ಸಾಲ, ನೌಕರರು, ವಹಿಗಳನ್ನು ಹೊಸ ಸಂಸ್ಥೆಗೆ ದಾಟಿಸುವುದೇ ನಿಜವಾದ ಪುನರ್‌ರಚನೆ, ಮತ್ತು ಅದರ ಮುಕ್ಕಾಲು ಪಾಲು ಅಧಿಸೂಚನೆ ಬರುವ ಮೊದಲೇ ಮುಗಿದಿರಬೇಕು. ಪಂಚಾಯಿತಿ ಸದಸ್ಯರು, ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ), ಸಿಬ್ಬಂದಿ ಮತ್ತು ಊರಿನ ಆಸಕ್ತ ನಾಗರಿಕರು ಯಾವ ಹಂತದಲ್ಲಿ ಏನು ಮಾಡಬೇಕು, ಎಲ್ಲಿ ಎಡವುತ್ತಾರೆ ಎಂಬುದು ಇಲ್ಲಿದೆ.

ಮೊದಲು ಲೆಕ್ಕ ಹಾಕಿ

ಸಂವಿಧಾನದ 243ಕ್ಯೂ ವಿಧಿಯು ನಗರಾಡಳಿತವನ್ನು ಮೂರು ಬಗೆಯಾಗಿ ವಿಂಗಡಿಸುತ್ತದೆ. ಹಳ್ಳಿತನ ಕಳೆದು ಪಟ್ಟಣವಾಗುತ್ತಿರುವ ಪ್ರದೇಶಕ್ಕೆ ಪಟ್ಟಣ ಪಂಚಾಯಿತಿ, ಚಿಕ್ಕ ನಗರ ಪ್ರದೇಶಕ್ಕೆ ಪುರಸಭೆ ಅಥವಾ ನಗರಸಭೆ, ದೊಡ್ಡದಕ್ಕೆ ಮಹಾನಗರ ಪಾಲಿಕೆ. ಕರ್ನಾಟಕದಲ್ಲಿ ಮೊದಲ ಎರಡೂ 1964ರ ಕರ್ನಾಟಕ ಪುರಸಭೆಗಳ ಕಾಯ್ದೆಯ ಅಡಿ ಬರುತ್ತವೆ. ಪಟ್ಟಣ ಪಂಚಾಯಿತಿಯ ಮಾನದಂಡ ಅದರ 349ನೇ ಪ್ರಕರಣದಲ್ಲಿದೆ: ಜನಸಂಖ್ಯೆ 10,000ದಿಂದ 20,000, ಚದರ ಕಿಲೋಮೀಟರಿಗೆ ಕನಿಷ್ಠ 400 ಜನ, ದುಡಿಯುವವರಲ್ಲಿ ಅರ್ಧಕ್ಕೆ ಕಡಿಮೆ ಇಲ್ಲದಷ್ಟು ಮಂದಿ ಬೇಸಾಯದ ಹೊರಗಿನ ಕೆಲಸದಲ್ಲಿರಬೇಕು. ಪುರಸಭೆಯಾಗಲು 20,000 ದಾಟಬೇಕು, ಸಾಂದ್ರತೆ 1,500 ಇರಬೇಕು.

ಜನಸಂಖ್ಯೆ ಎಂದರೆ ಜನಗಣತಿಯ ಅಂಕಿ, ಮತದಾರರ ಪಟ್ಟಿಯದಲ್ಲ, ಆಶಾ ಕಾರ್ಯಕರ್ತೆಯರ ಸಮೀಕ್ಷೆಯದೂ ಅಲ್ಲ. ‘ಈಗ ನಮ್ಮಲ್ಲಿ ಹದಿನೈದು ಸಾವಿರ ಜನ ಇದ್ದಾರೆ’ ಎಂಬ ಮಾತು ಕಡತದಲ್ಲಿ ನಿಲ್ಲುವುದಿಲ್ಲ.

ಸಾಂದ್ರತೆಯ ಲೆಕ್ಕದಲ್ಲಿ ಹೆಚ್ಚಿನ ಪ್ರಸ್ತಾವಗಳು ಬೀಳುತ್ತವೆ. 12,000 ಜನರ ಪಂಚಾಯಿತಿಯ ವಿಸ್ತೀರ್ಣ 40 ಚದರ ಕಿ.ಮೀ. ಇದ್ದರೆ ಸಾಂದ್ರತೆ 300 ಮಾತ್ರ. ಕಾಡು, ಗೋಮಾಳ, ಕೆರೆ ಅಂಗಳ ಹೆಚ್ಚಿರುವ ಒಂದೆರಡು ಹಳ್ಳಿಗಳನ್ನು ಬಿಟ್ಟು ಗಡಿಯನ್ನು 28 ಚದರ ಕಿ.ಮೀ.ಗೆ ಇಳಿಸಿದಾಗ ಅಲ್ಲಿನ 500 ಜನ ಹೊರಗುಳಿದರೂ ಸಾಂದ್ರತೆ 410 ಆಗುತ್ತದೆ. ಪಹಣಿಯಲ್ಲಿರುವುದು ಎಕರೆ–ಗುಂಟೆ, ಒಂದು ಚದರ ಕಿ.ಮೀ. ಎಂದರೆ ಸುಮಾರು 247 ಎಕರೆ. ಪರಿವರ್ತನೆಯನ್ನು ಸರ್ವೆ ಇಲಾಖೆಯ ಗ್ರಾಮವಾರು ವಿಸ್ತೀರ್ಣದಿಂದ ಮಾಡಿ, ಅಂದಾಜಿನಿಂದಲ್ಲ.

ಬೇಸಾಯೇತರ ದುಡಿಮೆಯ ಪಾಲಿಗೆ ಜನಗಣತಿಯ ಗ್ರಾಮವಾರು ಪಟ್ಟಿ ನೋಡಬೇಕು. ಅದರಲ್ಲಿ ದುಡಿಯುವವರನ್ನು ಸಾಗುವಳಿದಾರರು, ಕೃಷಿ ಕೂಲಿಗಳು, ಗೃಹ ಕೈಗಾರಿಕೆ, ಇತರೆ ಎಂದು ನಾಲ್ಕು ಗುಂಪು ಮಾಡಿರುತ್ತಾರೆ. ಒಟ್ಟು 5,200 ದುಡಿಯುವವರಲ್ಲಿ ಸಾಗುವಳಿದಾರರು 1,100, ಕೃಷಿ ಕೂಲಿಗಳು 1,250 ಎಂದುಕೊಳ್ಳಿ. ಉಳಿದ 2,850 ಜನ ಬೇಸಾಯೇತರರು, ಅಂದರೆ ಶೇ. 54.8. ಇಲ್ಲಿ ಗೆಲ್ಲಬಹುದು. ಹಳ್ಳಿವಾರು ತೆಗೆದು ನೋಡಿದರೆ ಯಾವ ಹಳ್ಳಿ ಸರಾಸರಿಯನ್ನು ಕೆಳಗೆಳೆಯುತ್ತಿದೆ ಎಂಬುದೂ ಕಾಣುತ್ತದೆ.

‘ನಮ್ಮೂರು ಜನಗಣತಿಯಲ್ಲಿ ಆಗಲೇ ಪಟ್ಟಣ ಎಂದು ಬಂದಿದೆಯಲ್ಲ’ ಎಂದು ಕೇಳುವವರಿದ್ದಾರೆ. ಜನಗಣತಿ ಇಲಾಖೆ ತನ್ನ ಎಣಿಕೆಯ ಅನುಕೂಲಕ್ಕೆ, ಬೇರೆಯೇ ಅಳತೆಗೋಲಿನಿಂದ, ಕೆಲವು ಊರುಗಳನ್ನು ಜನಗಣತಿ ಪಟ್ಟಣ ಎಂದು ಕರೆಯುತ್ತದೆ: 5,000 ಜನ, 400 ಸಾಂದ್ರತೆ, ದುಡಿಯುವ ಗಂಡಸರಲ್ಲಿ ಮುಕ್ಕಾಲು ಪಾಲು ಬೇಸಾಯೇತರರು. ಆಡಳಿತದ ಲೆಕ್ಕದಲ್ಲಿ ಅಂಥ ಊರು ಗ್ರಾಮ ಪಂಚಾಯಿತಿಯೇ.

ಗಡಿ ಗೀಚುವಾಗ

ಗಡಿಯನ್ನು ಸರ್ವೆ ನಂಬರಿನ ಮೇಲೆ ನಿಲ್ಲಿಸಿ. ‘ಹೆದ್ದಾರಿಯಿಂದ ಪೂರ್ವಕ್ಕೆ’, ‘ಹೊಸ ಬಡಾವಣೆ ಸೇರಿದಂತೆ’ ಎಂದು ಬರೆದ ಚೆಕ್ಕುಬಂದಿ ಮುಂದೆ ಜಗಳಕ್ಕೆ ದಾರಿ. ಪ್ರತಿ ಹಳ್ಳಿಗೂ ಪೂರ್ತಿಯೇ ಭಾಗಶಃವೇ ಎಂದು ನಮೂದಿಸಬೇಕು. ಭಾಗಶಃ ಆದರೆ ಸರ್ವೆ ನಂಬರುಗಳ ಪಟ್ಟಿ ಕೊಡಬೇಕು. ಹಿಸ್ಸಾ ಆಗಿರುವ ನಂಬರನ್ನು ಒಡೆದು ಅರ್ಧ ಒಳಗೆ, ಅರ್ಧ ಹೊರಗೆ ಹಾಕುವುದು ಬೇಡ, ಒಂದೇ ಮನೆಗೆ ಎರಡು ಕಡೆಯಿಂದ ತೆರಿಗೆ ಚೀಟಿ ಬಂದೀತು.

ಹಳ್ಳಿಗಳನ್ನು ರಾಶಿ ಹಾಕಿಕೊಳ್ಳುವ ಆಸೆಗೂ ಮಿತಿ ಬೇಕು. ತೆರಿಗೆ ತರುವ ಬಡಾವಣೆಗಳ ಜೊತೆಗೆ ಚರಂಡಿ, ನೀರು ಏನೂ ಇಲ್ಲದ ಹಳ್ಳಿಗಳೂ ಬರುತ್ತವೆ. 2007ರಲ್ಲಿ 7 ನಗರಸಭೆ, 1 ಪುರಸಭೆ ಮತ್ತು 110 ಹಳ್ಳಿಗಳನ್ನು ಸೇರಿಸಿ ಬೆಂಗಳೂರಿನಲ್ಲಿ ಬಿಬಿಎಂಪಿ ಮಾಡಿದರು. ಆ 110 ಹಳ್ಳಿಗಳಿಗೆಂದೇ ರೂಪಿಸಿದ ಕಾವೇರಿ ಕುಡಿಯುವ ನೀರಿನ ಯೋಜನೆಯ ಐದನೇ ಹಂತಕ್ಕೆ ಚಾಲನೆ ಸಿಕ್ಕಿದ್ದು 2024ರ ಅಕ್ಟೋಬರಿನಲ್ಲಿ, 17 ವರ್ಷ ಕಳೆದ ಮೇಲೆ. ನಕಾಶೆಯಲ್ಲಿ ಸೇರಿದ ಹಳ್ಳಿಗೆ ನಲ್ಲಿಯಲ್ಲಿ ನೀರು ಸೇರಲು ಹಿಡಿಯುವ ಕಾಲ ಅಂಥದ್ದು.

ಒಳಗೆ ಬರುವ ಹಳ್ಳಿಗಳಷ್ಟೇ ಹೊರಗುಳಿಯುವ ಹಳ್ಳಿಗಳನ್ನೂ ಯೋಚಿಸಬೇಕು. ಪಂಚಾಯಿತಿಯ ಏಳು ಹಳ್ಳಿಗಳಲ್ಲಿ ನಾಲ್ಕು ಪಟ್ಟಣಕ್ಕೆ ಹೋದರೆ ಉಳಿದ ಮೂರು ಎಲ್ಲಿ? ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಒಂದು ಗ್ರಾಮ ಪಂಚಾಯಿತಿಗೆ ಸಾಮಾನ್ಯವಾಗಿ 5,000ದಿಂದ 7,000 ಜನಸಂಖ್ಯೆ ಇರಬೇಕು. ಮಲೆನಾಡು–ಕರಾವಳಿಯ ಜಿಲ್ಲೆಗಳಿಗೆ ಈ ಮಿತಿ ಸಡಿಲ. ಮೂರು ಹಳ್ಳಿ ಅಷ್ಟಾಗದಿದ್ದರೆ ಪಕ್ಕದ ಪಂಚಾಯಿತಿಗೆ ಸೇರಿಸಬೇಕು. ಹೀಗೆ ಸೇರಿಸುವ ಆದೇಶ ಗ್ರಾಮೀಣಾಭಿವೃದ್ಧಿ ಇಲಾಖೆಯಿಂದ ಬರುತ್ತದೆ, ಪಟ್ಟಣ ಪಂಚಾಯಿತಿ ಮಾಡುವ ಆದೇಶ ನಗರಾಭಿವೃದ್ಧಿ ಇಲಾಖೆಯಿಂದ. ಎರಡು ಇಲಾಖೆ, ಎರಡು ಕಡತ. ಒಂದು ಓಡಿ ಇನ್ನೊಂದು ಮಲಗಿದರೆ ಆ ಮೂರು ಹಳ್ಳಿಗಳ ಜನ ಜನನ ಪ್ರಮಾಣಪತ್ರಕ್ಕೂ ಯಾರ ಬಾಗಿಲು ತಟ್ಟಬೇಕೆಂದು ತಿಳಿಯದೆ ನಿಲ್ಲುತ್ತಾರೆ. ಆದ್ದರಿಂದ ಪ್ರಸ್ತಾವದಲ್ಲೇ ‘ಉಳಿಯುವ ಗ್ರಾಮಗಳ ವಿಲೇವಾರಿ’ ಎಂಬ ಪ್ರತ್ಯೇಕ ಅನುಬಂಧ ಇಡಿ, ಅದರ ಪ್ರತಿ ಜಿಲ್ಲಾ ಪಂಚಾಯಿತಿ ಸಿಇಒ (ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿ) ಕಚೇರಿಗೂ ಹೋಗಲಿ.

ಕಾಲದ ಲೆಕ್ಕವೂ ಇದೆ. ಜನಗಣತಿ ಹತ್ತಿರ ಬಂದಾಗ ಆಡಳಿತ ಗಡಿಗಳನ್ನು ಸ್ತಬ್ಧಗೊಳಿಸುತ್ತಾರೆ. 2027ರ ಜನಗಣತಿಗಾಗಿ 2025ರ ಡಿಸೆಂಬರ್ 31ರೊಳಗೆ ಗಡಿ ಬದಲಾವಣೆ ಮುಗಿಸಿಕೊಳ್ಳಿ ಎಂದು ರಾಜ್ಯಗಳಿಗೆ ಸೂಚನೆ ಹೋಗಿತ್ತು. ಸ್ತಬ್ಧ ಅವಧಿಯಲ್ಲಿ ಕಡತ ಸಿದ್ಧ ಮಾಡಿಕೊಳ್ಳಬಹುದು, ಗಡಿ ಮಾತ್ರ ಕದಲಿಸಲಾಗದು.

ಪ್ರಸ್ತಾವದ ಕಡತ

ಕಾಯ್ದೆಯ ಪ್ರಕಾರ ತೀರ್ಮಾನ ಸರ್ಕಾರದ್ದು. ಆದರೂ ಗ್ರಾಮ ಪಂಚಾಯಿತಿಯ ಠರಾವು ಕಡತದಲ್ಲಿದ್ದರೆ ಮುಂದೆ ಆಕ್ಷೇಪಣೆ ಬಂದಾಗ ಬಲ ಸಿಗುತ್ತದೆ. ಠರಾವಿಗೆ ಮೊದಲು ಗ್ರಾಮ ಸಭೆ ಕರೆದು ವಿಷಯ ಇಡಿ, ನಡವಳಿ ಪುಸ್ತಕದಲ್ಲಿ ವಿರೋಧದ ಮಾತುಗಳನ್ನೂ ಬರೆಯಿರಿ. ‘ಸರ್ವಾನುಮತದಿಂದ ಒಪ್ಪಲಾಯಿತು’ ಎಂದು ಬರೆದು ಆಮೇಲೆ ಮುನ್ನೂರು ಜನ ಸಹಿ ಹಾಕಿದ ತಕರಾರು ಅರ್ಜಿ ಬಂದರೆ ನಡವಳಿಯ ಮೇಲೇ ಅನುಮಾನ ಹುಟ್ಟುತ್ತದೆ.

ಕಡತದಲ್ಲಿ ಇರಬೇಕಾದವು: ಗ್ರಾಮವಾರು ಜನಸಂಖ್ಯೆ ಮತ್ತು ವಿಸ್ತೀರ್ಣ, ದುಡಿಮೆಯ ಪಟ್ಟಿ, ಕಳೆದ ಮೂರು ವರ್ಷಗಳ ತೆರಿಗೆ ಬೇಡಿಕೆ–ವಸೂಲಿ–ಬಾಕಿ, ಸರ್ವೆ ಇಲಾಖೆ ದೃಢೀಕರಿಸಿದ ನಕಾಶೆ, ಚೆಕ್ಕುಬಂದಿ, ಠರಾವು, ಸಂತೆ–ಮಾರುಕಟ್ಟೆ–ಕಾಲೇಜು–ಬ್ಯಾಂಕು–ಕಾರ್ಖಾನೆಗಳ ವಿವರ. ಇದು ತಹಶೀಲ್ದಾರರ ವರದಿಯೊಂದಿಗೆ ಜಿಲ್ಲಾಧಿಕಾರಿಗೆ ಹೋಗಿ, ಅಲ್ಲಿಂದ ಪೌರಾಡಳಿತ ನಿರ್ದೇಶನಾಲಯ ಮತ್ತು ನಗರಾಭಿವೃದ್ಧಿ ಇಲಾಖೆಗೆ ಏರುತ್ತದೆ. ಜಿಲ್ಲೆಯಲ್ಲಿ ಇದನ್ನು ಹಿಡಿದು ನೋಡಿಕೊಳ್ಳುವುದು ಜಿಲ್ಲಾ ನಗರಾಭಿವೃದ್ಧಿ ಕೋಶ. ಅಂಕಿಗಳು ಒಂದು ಹಾಳೆಯಿಂದ ಇನ್ನೊಂದಕ್ಕೆ ತಾಳೆಯಾಗದಿರುವುದು ಕಡತ ವಾಪಸ್ ಬರಲು ಅತಿ ಸಾಮಾನ್ಯ ಕಾರಣ. ಕಂದಾಯ ಗ್ರಾಮದ ಹೆಸರು ಒಂದು ಕಡೆ, ಜನ ಕರೆಯುವ ಹೆಸರು ಇನ್ನೊಂದು ಕಡೆ. ಜನವಸತಿ ಇಲ್ಲದ ಬೇಚರಾಕ್ ಗ್ರಾಮವನ್ನು ಒಂದು ಪಟ್ಟಿಯಲ್ಲಿ ಬಿಟ್ಟಿರುವುದು, ಇಂಥವೇ.

ಕರಡು ಅಧಿಸೂಚನೆ, ಆಕ್ಷೇಪಣೆ

ಸರ್ಕಾರ ಒಪ್ಪಿದರೆ ಮೊದಲು ತನ್ನ ಉದ್ದೇಶವನ್ನು ರಾಜ್ಯಪತ್ರದಲ್ಲಿ ಪ್ರಕಟಿಸುತ್ತದೆ. ಆಕ್ಷೇಪಣೆಗೆ 30 ದಿನಗಳ ಅವಕಾಶವಿದ್ದು, ಲಿಖಿತವಾಗಿ ಜಿಲ್ಲಾಧಿಕಾರಿಯ ಮೂಲಕ ಸಲ್ಲಿಸಬೇಕು.

ನಾಗರಿಕರು ಇಲ್ಲಿ ಎಚ್ಚರ ವಹಿಸಿ. ‘ನಮಗೆ ಪಟ್ಟಣ ಪಂಚಾಯಿತಿ ಬೇಡ, ತೆರಿಗೆ ಹೆಚ್ಚಾಗುತ್ತದೆ’ ಎಂದು ಬರೆದ ಅರ್ಜಿ ‘ಸ್ವೀಕರಿಸಿದೆ, ತಿರಸ್ಕರಿಸಿದೆ’ ಎಂದು ಒಂದೇ ಸಾಲಿನಲ್ಲಿ ಮುಗಿಯುತ್ತದೆ. ನಿಲ್ಲುವ ಆಕ್ಷೇಪಣೆ ಮಾನದಂಡದ ಮೇಲೆ ಕೂತಿರುತ್ತದೆ: ಇಂಥ ಹಳ್ಳಿಯ ಸಾಂದ್ರತೆ ಇಷ್ಟು, ಬೇಸಾಯದಲ್ಲಿರುವವರು ಇಷ್ಟು, ಊರಿನ ಮಧ್ಯಭಾಗದಿಂದ ದೂರ ಇಷ್ಟು, ನಡುವೆ ಇಂಥ ಅರಣ್ಯ ಸರ್ವೆ ನಂಬರುಗಳಿವೆ, ಆದ್ದರಿಂದ ಈ ಹಳ್ಳಿಯನ್ನು ಕೈಬಿಡಿ. ಇಡೀ ಪ್ರಸ್ತಾವವನ್ನು ಬೀಳಿಸಲು ಹೊರಟವರಿಗಿಂತ ಒಂದು ಹಳ್ಳಿಯನ್ನು ಬಿಡಿಸಲು ಹೊರಟವರಿಗೆ ಗೆಲುವು ಹೆಚ್ಚು. ಅರ್ಜಿಗೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ನಾಳೆ ವಿಷಯ ಹೈಕೋರ್ಟಿಗೆ ಹೋದರೆ ಆಕ್ಷೇಪಣೆಯನ್ನು ಪರಿಗಣಿಸಿದರೋ ಇಲ್ಲವೋ ಎಂಬುದೇ ಮೊದಲ ಪ್ರಶ್ನೆಯಾಗುತ್ತದೆ.

ಆ 30 ದಿನಗಳಲ್ಲಿ ಕಚೇರಿಯೊಳಗೆ ಮಾಡಬೇಕಾದ್ದು

ಹೊರಗೆ ಆಕ್ಷೇಪಣೆಯ ಗಡಿಬಿಡಿ ನಡೆದಾಗ ಒಳಗೆ ಹಸ್ತಾಂತರದ ಪಟ್ಟಿ ಏಳಬೇಕು. ಇದನ್ನು ಅಂತಿಮ ಅಧಿಸೂಚನೆ ಬಂದ ಮೇಲೆ ಮಾಡೋಣ ಎಂದು ಬಿಟ್ಟವರೇ ಹೆಚ್ಚು. ಬಂದ ಮೇಲೆ ಪಿಡಿಒ ಬೇರೆ ಪಂಚಾಯಿತಿಗೆ ಹೋಗುತ್ತಾರೆ, ಏಕೆಂದರೆ ಅವರು ಗ್ರಾಮೀಣಾಭಿವೃದ್ಧಿ ಇಲಾಖೆಯವರು. ಅವರ ಜಾಗಕ್ಕೆ ಬರುವ ಮುಖ್ಯಾಧಿಕಾರಿಗೆ ಎರಡು ಮೂರು ಊರಿನ ಪ್ರಭಾರ ಇದ್ದೀತು. ಯಾವ ಕೊಳವೆಬಾವಿಯ ಮೋಟಾರು ಎಲ್ಲಿ ರಿಪೇರಿಗೆ ಕೊಟ್ಟಿದೆ ಎಂದು ಬಲ್ಲವರು ಆಗ ಯಾರೂ ಉಳಿದಿರುವುದಿಲ್ಲ.

ಸ್ಥಿರಾಸ್ತಿಯಿಂದ ಶುರು ಮಾಡಿ. ಕಚೇರಿ, ಅಂಗಡಿ ಮಳಿಗೆ, ಸಂತೆ ಮೈದಾನ, ಓವರ್‌ಹೆಡ್ ಟ್ಯಾಂಕು, ಸ್ಮಶಾನ, ಗ್ರಂಥಾಲಯ, ಉದ್ಯಾನಕ್ಕೆ ಬಿಟ್ಟ ಜಾಗ, ಬಡಾವಣೆಗಳಿಂದ ಪಂಚಾಯಿತಿಗೆ ಬರಬೇಕಾದ ಸಾರ್ವಜನಿಕ ನಿವೇಶನ, ಇವಕ್ಕೆಲ್ಲ ಸರ್ವೆ ನಂಬರು, ಅಳತೆ, ದಾಖಲೆ ಯಾವುದು, ಒತ್ತುವರಿ ಇದೆಯೇ ಎಂದು ಬರೆಯಿರಿ. ಉದ್ಯಾನದ ಜಾಗಗಳು ಕಾಣೆಯಾಗುವುದು ಸಾಮಾನ್ಯವಾಗಿ ಈ ದಾಟುವಿಕೆಯ ಹೊತ್ತಿನಲ್ಲೇ. ಹಳೆಯ ವಹಿಯಲ್ಲಿ ಇದ್ದದ್ದು ಹೊಸ ವಹಿಗೆ ಏರಿಲ್ಲ ಎಂದರೆ ಕೇಳುವವರಿಲ್ಲ. ಪ್ರತಿ ಜಾಗಕ್ಕೂ ನಿಂತು ಫೋಟೊ ತೆಗೆಸಿ ಪಟ್ಟಿಗೆ ಲಗತ್ತಿಸಿ.

ಮಳಿಗೆಗಳ ಬಾಡಿಗೆ ಕರಾರು ಎಂದು ಮುಗಿಯುತ್ತದೆ, ಮುಂಗಡ ಎಷ್ಟು ಜಮಾ ಇದೆ ಎಂದು ಪ್ರತ್ಯೇಕ ಹಾಳೆ ಮಾಡಿ. ಮುಂಗಡ ಹಣ ಆದಾಯವಲ್ಲ, ಹೊಸ ಸಂಸ್ಥೆ ತೀರಿಸಬೇಕಾದ ಸಾಲ.

ನೀರು ಮತ್ತು ಬೀದಿದೀಪದ ವಿದ್ಯುತ್ ಸಂಪರ್ಕಗಳಿಗೆ ಆರ್.ಆರ್. ನಂಬರಿನ (ಬಿಲ್ಲಿನ ಮೇಲಿರುವ ಸಂಪರ್ಕ ಸಂಖ್ಯೆ) ಪಟ್ಟಿ ಬೇಕು. ಪ್ರತಿ ನಂಬರಿನ ಎದುರು ಜಾಗ, ಮೋಟಾರಿನ ಅಶ್ವಶಕ್ತಿ, ಮೀಟರು ಓಡುತ್ತಿದೆಯೇ, ಬಾಕಿ ಎಷ್ಟು. ಒಣಗಿಹೋದ ಕೊಳವೆಬಾವಿಯ ಸಂಪರ್ಕಕ್ಕೂ ಬಿಲ್ಲು ಬರುತ್ತಲೇ ಇರುತ್ತದೆ. ಅಂಥವನ್ನು ಈಗಲೇ ರದ್ದು ಮಾಡಿಸಿ. ವಿದ್ಯುತ್ ಸರಬರಾಜು ಕಂಪನಿಯಾದ ಎಸ್ಕಾಂ ಬಾಕಿಯ ಮೊತ್ತವನ್ನು ಎಸ್ಕಾಂನಿಂದಲೇ ಬರವಣಿಗೆಯಲ್ಲಿ ತಂದು ಎರಡೂ ಲೆಕ್ಕ ಹೊಂದಿಸಿಕೊಳ್ಳಿ. ಬಡ್ಡಿ ಸೇರಿಸಿದ ಅವರ ಲೆಕ್ಕಕ್ಕೂ ಸೇರಿಸದ ಪಂಚಾಯಿತಿಯ ಲೆಕ್ಕಕ್ಕೂ ಲಕ್ಷಗಳ ಅಂತರ ಇರಬಹುದು.

ಅರ್ಧ ನಿಂತ ಕಾಮಗಾರಿಗಳಿಗೆ ಯೋಜನೆ, ಅಂದಾಜು, ಅಳತೆ ಪುಸ್ತಕದ ಪುಟ, ಪಾವತಿ, ಉಳಿಕೆ ಬರೆಯಿರಿ. ಉದ್ಯೋಗ ಖಾತರಿಯ ಕಾಮಗಾರಿಗಳನ್ನು ಮಾತ್ರ ಕೆಂಪು ಶಾಯಿಯಲ್ಲಿ ಗುರುತು ಮಾಡಿ. ಅದು ಗ್ರಾಮೀಣ ಪ್ರದೇಶದ ಯೋಜನೆ. ಅಧಿಸೂಚನೆಯ ನಂತರ ಹೊಸ ಕೆಲಸ ಇಲ್ಲ, ಹಾಜರಿ ಪಟ್ಟಿ ತಂತ್ರಾಂಶಕ್ಕೆ ಏರದೆ ಉಳಿದಿದ್ದರೆ ಕೂಲಿ ಪಡೆಯಲು ಜನ ಒದ್ದಾಡಬೇಕಾಗುತ್ತದೆ. ಎಲ್ಲ ಹಾಜರಿ ಪಟ್ಟಿಗಳನ್ನು ಮುಚ್ಚಿ, ಸಾಮಗ್ರಿ ಬಿಲ್ಲುಗಳನ್ನು ಏರಿಸಿ ಮುಗಿಸಿ. ವಸತಿ ಯೋಜನೆಯಲ್ಲಿ ಬುನಾದಿ, ಗೋಡೆ, ಚಾವಣಿ ಯಾವ ಹಂತದಲ್ಲಿ ಯಾರ ಮನೆ ನಿಂತಿದೆ ಎಂಬ ಪಟ್ಟಿಯೂ ಇರಲಿ. ಬಸವ ವಸತಿ ಗ್ರಾಮೀಣದ್ದು, ವಾಜಪೇಯಿ ನಗರ ವಸತಿ ಪಟ್ಟಣದ್ದು; ಕಂತು ಬಾಕಿ ಇರುವವರು ಎರಡರ ನಡುವೆ ಸಿಕ್ಕಿಕೊಳ್ಳಬಾರದು.

ಬ್ಯಾಂಕ್ ಖಾತೆಗಳೆಲ್ಲವನ್ನೂ ಹುಡುಕಿ. ಪ್ರತಿ ಯೋಜನೆಗೊಂದು ಖಾತೆ ತೆರೆದ ಕಾಲವೊಂದಿತ್ತು. ಬಳಸದೆ ಬಿಟ್ಟ ಖಾತೆಯಲ್ಲಿ ಕೆಲವು ಸಾವಿರ ಕೂತಿರುತ್ತದೆ. ಅಧಿಸೂಚನೆಯ ಹಿಂದಿನ ದಿನದ ಶಿಲ್ಕು, ಬ್ಯಾಂಕ್ ಹೊಂದಾಣಿಕೆ ಪಟ್ಟಿ, ಲೆಕ್ಕಪರಿಶೋಧನೆಯ ಬಾಕಿ ಆಕ್ಷೇಪಣೆಗಳು, ಕೋರ್ಟಿನಲ್ಲಿರುವ ಪ್ರಕರಣಗಳು, ಎಲ್ಲ ಸೇರಿ ಹಸ್ತಾಂತರ ಪಟ್ಟಿಯ ಮೂರು ಪ್ರತಿ ಆಗಬೇಕು: ಹೊಸ ಸಂಸ್ಥೆಗೆ, ತಾಲ್ಲೂಕು ಪಂಚಾಯಿತಿಗೆ, ಜಿಲ್ಲಾ ನಗರಾಭಿವೃದ್ಧಿ ಕೋಶಕ್ಕೆ. ಪ್ರತಿ ಪುಟದಲ್ಲೂ ಕೊಟ್ಟವರ, ಪಡೆದವರ ಸಹಿ.

ನೌಕರರು

ಎಲ್ಲಕ್ಕಿಂತ ಹೆಚ್ಚು ಕಣ್ಣೀರು ಬರುವ ಜಾಗ ಇದು. ಕರವಸೂಲಿಗಾರ, ಡೇಟಾ ಎಂಟ್ರಿ ಆಪರೇಟರ್, ನೀರುಗಂಟಿ, ಜವಾನ, ಸ್ವಚ್ಛತಾಗಾರರು ಪಂಚಾಯಿತಿಯ ನೌಕರರು. ಇವರಲ್ಲಿ ಜಿಲ್ಲಾ ಪಂಚಾಯಿತಿ ಸಿಇಒ ಅನುಮೋದನೆ ಇರುವವರು, ಇಲ್ಲದವರು ಎಂಬ ಎರಡು ಗುಂಪು. ಹೊಸ ಸಂಸ್ಥೆಗೆ ಸೇರಿಸಿಕೊಳ್ಳುವಾಗ ಕೇಳುವ ಮೊದಲ ಕಾಗದವೇ ಆ ಅನುಮೋದನೆ. ಹದಿನೈದು ವರ್ಷ ಪಂಪು ಚಾಲೂ ಮಾಡಿದವರು ಒಂದು ಹಾಳೆ ಇಲ್ಲವೆಂದು ಹೊರಗೆ ನಿಲ್ಲುತ್ತಾರೆ. ಆದ್ದರಿಂದ ಪ್ರಸ್ತಾವ ಕಳಿಸುವ ಮೊದಲೇ ನೇಮಕಾತಿ ಠರಾವು, ಸಂಬಳ ಪಾವತಿ ದಾಖಲೆ, ವಿದ್ಯಾರ್ಹತೆ, ವಯಸ್ಸಿನ ಪುರಾವೆ ಜೋಡಿಸಿ ಅನುಮೋದನೆಗೆ ಕಳಿಸಿ. ಅಧಿಸೂಚನೆಯಾದ ಮೇಲೆ ಜಿಲ್ಲಾ ಪಂಚಾಯಿತಿ ‘ಇದು ಈಗ ನಮ್ಮ ವ್ಯಾಪ್ತಿಯಲ್ಲ’ ಎಂದರೆ ಆ ಮಾತು ಸರಿಯೇ ಆಗಿರುತ್ತದೆ.

ಜನಬಲ ಎಷ್ಟು ಬೇಕು ಎಂಬುದಕ್ಕೆ ಲೆಕ್ಕವಿದೆ. ನಗರ ಸ್ಥಳೀಯ ಸಂಸ್ಥೆಗಳಲ್ಲಿ 700 ಜನಕ್ಕೆ ಒಬ್ಬ ಪೌರಕಾರ್ಮಿಕ ಎಂಬುದು ಮಾನದಂಡ. 12,000 ಜನಕ್ಕೆ 17 ಮಂದಿ. ಗ್ರಾಮ ಪಂಚಾಯಿತಿಯಲ್ಲಿ ಇದ್ದದ್ದು ಮೂರೋ ನಾಲ್ಕೋ. ತಲೆಗೆ ದಿನಕ್ಕೆ 250ರಿಂದ 300 ಗ್ರಾಂ ಕಸ ಹಿಡಿದರೆ 3ರಿಂದ 3.6 ಟನ್; 600 ಕೆ.ಜಿ. ಹೊರುವ ಆಟೊ ಟಿಪ್ಪರಿಗೆ ಐದಾರು ಸುತ್ತು. ಇದಕ್ಕೆ ವಿಲೇವಾರಿ ಜಾಗ ಎಲ್ಲಿ ಎಂಬ ಪ್ರಶ್ನೆಗೆ ಪ್ರಸ್ತಾವದ ಹೊತ್ತಿನಲ್ಲೇ ಉತ್ತರ ಇರಲಿ. ಪಟ್ಟಣದ ಗಡಿಯ ಹೊರಗೆ ಬಿಟ್ಟ ಹಳ್ಳಿಯ ಗೋಮಾಳವನ್ನು ಆಮೇಲೆ ಕಸಕ್ಕೆ ಕೇಳಿದರೆ ಆ ಹಳ್ಳಿಯವರು ಸುಮ್ಮನಿರುತ್ತಾರೆಯೇ?

ಖಾತೆ ಮತ್ತು ತೆರಿಗೆ

ಗ್ರಾಮ ಪಂಚಾಯಿತಿಯಲ್ಲಿ ಆಸ್ತಿ ದಾಖಲೆ ಇ-ಸ್ವತ್ತು ತಂತ್ರಾಂಶದಲ್ಲಿ: ನಮೂನೆ 9, 11ಎ, 11ಬಿ. ಪಟ್ಟಣ ಪಂಚಾಯಿತಿಯಲ್ಲಿ ಇ-ಆಸ್ತಿ ತಂತ್ರಾಂಶ, ಅಲ್ಲಿ ಬರುವುದು ನಮೂನೆ 3. ಒಂದರಿಂದ ಇನ್ನೊಂದಕ್ಕೆ ದಾಖಲೆ ತಾನಾಗಿ ಹರಿದು ಬಂದುಬಿಡುತ್ತದೆ ಎಂದು ನಂಬಬೇಡಿ. ಪ್ರತಿ ಆಸ್ತಿಗೂ ಮಾಲೀಕರ ಹೆಸರು, ಅಳತೆ, ಚೆಕ್ಕುಬಂದಿ, ಫೋಟೊ ಪರಿಶೀಲಿಸಿ ಅನುಮೋದಿಸಬೇಕು. ಈ ಎರಡರ ನಡುವಿನ ತಿಂಗಳುಗಳಲ್ಲಿ ಮನೆ ಮಾರಬೇಕಾದವರು, ಸಾಲ ಎತ್ತಬೇಕಾದವರು ಸಿಕ್ಕಿಬೀಳುತ್ತಾರೆ. ತುರ್ತು ಇರುವವರು ಅಧಿಸೂಚನೆಗೆ ಮೊದಲೇ ಇ-ಸ್ವತ್ತು ಪ್ರತಿ ಪಡೆದುಕೊಂಡು, ಹೆಸರು ಬದಲಾವಣೆ ಬಾಕಿ ಇದ್ದರೆ ಮುಗಿಸಿಕೊಳ್ಳುವುದು ಒಳ್ಳೆಯದು. ತೀರಿಹೋದ ತಂದೆಯ ಹೆಸರಿನಲ್ಲೇ ಉಳಿದ ಖಾತೆ ಹೊಸ ಕಚೇರಿಯಲ್ಲಿ ಇನ್ನಷ್ಟು ಗಂಟಾಗುತ್ತದೆ. 11ಬಿ ಮಾತ್ರ ಇರುವ ಕಂದಾಯ ನಿವೇಶನ (ಬಡಾವಣೆ ಅನುಮೋದನೆ ಇಲ್ಲದ್ದು) ಪಟ್ಟಣ ಪಂಚಾಯಿತಿಯಾದ ಮಾತ್ರಕ್ಕೆ ಸಕ್ರಮವಾಗುವುದಿಲ್ಲ. ಹಾಗೆ ಹೇಳಿ ನಿವೇಶನ ಮಾರುವ ದಲ್ಲಾಳಿಗಳು ಈ ಕಾಲಕ್ಕೆ ತಪ್ಪದೆ ಹುಟ್ಟಿಕೊಳ್ಳುತ್ತಾರೆ.

ತೆರಿಗೆ ಹೆಚ್ಚುತ್ತದೆಯೇ? ಬಹುಪಾಲು ಹೆಚ್ಚುತ್ತದೆ, ಲೆಕ್ಕದ ರೀತಿಯೇ ಬದಲಾಗುವುದರಿಂದ. ಪಟ್ಟಣದಲ್ಲಿ ಆಸ್ತಿಯ ಮಾಲೀಕರೇ ಸ್ವಯಂ ಘೋಷಣೆ ಮಾಡಿ ತೆರಿಗೆ ಕಟ್ಟುವ ಪದ್ಧತಿ. ಆಧಾರ ಉಪನೋಂದಣಿ ಕಚೇರಿಯ ಮಾರ್ಗಸೂಚಿ ಬೆಲೆಯ ಶೇ. 25. ಸವಕಳಿ ಕಳೆದು ಮನೆ–ನಿವೇಶನದ ಮಾರ್ಗಸೂಚಿ ಬೆಲೆ 20 ಲಕ್ಷ ಎಂದುಕೊಂಡರೆ ತೆರಿಗೆಗೆ ಒಳಪಡುವುದು 5 ಲಕ್ಷ. ಸಂಸ್ಥೆ ಗೊತ್ತುಮಾಡಿದ ದರ ಶೇ. 0.3 ಎಂದಿಟ್ಟುಕೊಂಡರೆ ತೆರಿಗೆ 1,500 ರೂಪಾಯಿ. ಅದರ ಮೇಲೆ ಆರೋಗ್ಯ ಕರ ಶೇ. 15, ಗ್ರಂಥಾಲಯ ಕರ ಶೇ. 6, ಭಿಕ್ಷುಕರ ಕರ ಶೇ. 3 ಸೇರಿ ಇನ್ನೂ 360. ಕಸದ ಶುಲ್ಕ ಬೇರೆ. ಏಪ್ರಿಲ್‌ನಲ್ಲೇ ಪೂರ್ತಿ ಕಟ್ಟಿದರೆ ಶೇ. 5 ರಿಯಾಯಿತಿ, ಜೂನ್ ದಾಟಿದರೆ ತಿಂಗಳಿಗೆ ಶೇ. 2 ದಂಡ. ಪಂಚಾಯಿತಿಯ ಕಾಲದ ಬಾಕಿ ಅಳಿಸಿಹೋಗುವುದಿಲ್ಲ, ಹೊಸ ಸಂಸ್ಥೆ ಅದನ್ನು ವಸೂಲು ಮಾಡುತ್ತದೆ.

ಬೇಸಾಯದ ಜಮೀನಿನ ಮೇಲೆ ಈ ಆಸ್ತಿ ತೆರಿಗೆ ಬೀಳುತ್ತದೆ ಎಂಬ ಭಯ ಎಲ್ಲ ಕಡೆ ಹಬ್ಬುತ್ತದೆ, ಅದು ಸರಿಯಲ್ಲ. ಪಹಣಿ, ಮುಟೇಶನ್, ಪೋಡಿ ಎಲ್ಲ ಕಂದಾಯ ಇಲಾಖೆಯಲ್ಲೇ ಉಳಿಯುತ್ತವೆ, ಗ್ರಾಮ ಆಡಳಿತಾಧಿಕಾರಿಯೂ ಅಲ್ಲೇ ಇರುತ್ತಾರೆ.

ನೋಂದಣಿಯ ಖರ್ಚಿನಲ್ಲಿ ಒಂದು ಕೂದಲೆಳೆಯ ಲಾಭವಿದೆ: ಮುದ್ರಾಂಕ ಶುಲ್ಕದ ಮೇಲಿನ ಸರ್‌ಚಾರ್ಜ್ ಗ್ರಾಮೀಣದಲ್ಲಿ ಶೇ. 3, ನಗರದಲ್ಲಿ ಶೇ. 2. ಶೇ. 5ರ ಮುದ್ರಾಂಕ ಶುಲ್ಕ, ಅದರ ಮೇಲೆ ಶೇ. 10 ಸೆಸ್ ಸೇರಿ ಒಟ್ಟು 5.65 ಇದ್ದದ್ದು 5.6 ಆಗುತ್ತದೆ. ಮಾರ್ಗಸೂಚಿ ಬೆಲೆ ಪರಿಷ್ಕರಣೆಯಾದ ದಿನ ಈ ಲಾಭ ಕೊಚ್ಚಿಹೋಗುತ್ತದೆ ಎಂಬುದು ಬೇರೆ ಮಾತು.

ಜನ ಕೇಳದೆ ಕಳೆದುಕೊಳ್ಳುವ ಎರಡು ಸಂಗತಿ

ಮೊದಲನೆಯದು ಗ್ರಾಮ ಸಭೆ. ಪಂಚಾಯಿತಿಯಲ್ಲಿ ಫಲಾನುಭವಿ ಆಯ್ಕೆಗೆ ಊರೆಲ್ಲ ಸೇರಿ ಪ್ರಶ್ನೆ ಕೇಳುವ ಹಕ್ಕು ಕಾಯ್ದೆಯಲ್ಲೇ ಇದೆ. ಪಟ್ಟಣದಲ್ಲಿ ಅದಕ್ಕೆ ಸಮನಾದದ್ದು ಇಲ್ಲ. ಸಂವಿಧಾನ ವಾರ್ಡ್ ಸಮಿತಿಯನ್ನು ಕಡ್ಡಾಯ ಮಾಡಿರುವುದು 3 ಲಕ್ಷ ಮತ್ತು ಅದಕ್ಕೂ ಹೆಚ್ಚು ಜನಸಂಖ್ಯೆಯ ಸಂಸ್ಥೆಗಳಿಗೆ. ಇದು ಸಣ್ಣ ನಷ್ಟವಲ್ಲ. ಸಾಮಾನ್ಯ ಸಭೆಯ ನಡವಳಿ ಕೇಳಿ ಪಡೆಯುವುದು, ಬಜೆಟ್ ಪೂರ್ವ ಸಮಾಲೋಚನಾ ಸಭೆಗೆ ಹೋಗುವುದು, ಉಳಿಯುವ ದಾರಿ ಇಷ್ಟೇ.

ಎರಡನೆಯದು ಗ್ರಾಮೀಣ ಮೀಸಲಾತಿ. ರಾಜ್ಯ ಸರ್ಕಾರಿ ನೇಮಕಾತಿಯಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ. 25 ಇದೆ, ಒಂದರಿಂದ ಹತ್ತನೇ ತರಗತಿ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿರಬೇಕು. ಪಟ್ಟಣ ಪಂಚಾಯಿತಿ ಪ್ರದೇಶ ಗ್ರಾಮೀಣದ ವ್ಯಾಖ್ಯೆಯಿಂದ ಹೊರಗೆ. ಅಧಿಸೂಚನೆಗೆ ಮೊದಲು ಓದು ಮುಗಿಸಿದವರಿಗೆ ತೊಂದರೆ ಇಲ್ಲ, ಆದರೆ ಪ್ರಮಾಣಪತ್ರ ಕೊಡುವವರಿಗೆ ದಿನಾಂಕದ ಪುರಾವೆ ಬೇಕು. ಊರಿನ ಶಾಲೆಗಳಲ್ಲಿ ಅಂತಿಮ ಅಧಿಸೂಚನೆಯ ಪ್ರತಿಯೊಂದನ್ನು ಕಾಯಂ ಕಡತದಲ್ಲಿ ಇಡಿಸಿ. ಇಪ್ಪತ್ತು ವರ್ಷದ ನಂತರ ಯಾರೋ ಒಬ್ಬ ಅಭ್ಯರ್ಥಿ ಅದನ್ನು ಹುಡುಕಿಕೊಂಡು ಬರುತ್ತಾರೆ.

ಮೊದಲ ವರ್ಷದ ಹಣ

ಅಂತಿಮ ಅಧಿಸೂಚನೆಯೊಂದಿಗೆ ಪಂಚಾಯಿತಿ ಸದಸ್ಯರ ಅಧಿಕಾರ ಮುಗಿದು ಆಡಳಿತಾಧಿಕಾರಿ ಬರುತ್ತಾರೆ, ಹೆಚ್ಚಾಗಿ ತಹಶೀಲ್ದಾರರು. ಗ್ರಾಮೀಣ ಅನುದಾನ ನಿಲ್ಲುವ ದಿನಕ್ಕೂ ನಗರ ಅನುದಾನ ಶುರುವಾಗುವ ದಿನಕ್ಕೂ ನಡುವೆ ಬರಡು ತಿಂಗಳುಗಳಿವೆ. ಅಧಿಸೂಚನೆ ವರ್ಷದ ನಡುವೆ ಬಂದರೆ ಆ ವರ್ಷದ ರಾಜ್ಯ ಬಜೆಟ್ಟಿನ ಹಂಚಿಕೆಯಲ್ಲಿ ಹೊಸ ಸಂಸ್ಥೆಯ ಹೆಸರೇ ಇರುವುದಿಲ್ಲ. ಈ ಕಾಲವನ್ನು ದಾಟಲು ಕನಿಷ್ಠ ಆರು ತಿಂಗಳ ಸಂಬಳ, ವಿದ್ಯುತ್, ನೀರಿನ ದುರಸ್ತಿಯಷ್ಟು ಸ್ವಂತ ನಿಧಿ ಇಟ್ಟುಕೊಳ್ಳಿ. ಕೊನೆಯ ಸಭೆಯಲ್ಲಿ ಇದ್ದಬದ್ದ ಹಣವನ್ನೆಲ್ಲ ಕಾಮಗಾರಿಗೆ ಹಂಚಿ ಹೋಗುವ ರೂಢಿಯೇ ಮೊದಲ ಬೇಸಿಗೆಯಲ್ಲಿ ನೀರು ನಿಲ್ಲಲು ಕಾರಣ.

ಲೆಕ್ಕದ ಕ್ರಮವೂ ಬೇರೆ. ನಗರ ಸಂಸ್ಥೆಗಳು 2006ರ ಲೆಕ್ಕ ಮತ್ತು ಬಜೆಟ್ ನಿಯಮಗಳಂತೆ ಜೋಡಿ ನಮೂದಿನ ಪದ್ಧತಿಯಲ್ಲಿ ಬರೆಯಬೇಕು. ಅದಕ್ಕೆ ಪ್ರಾರಂಭಿಕ ಆಸ್ತಿ–ಹೊಣೆ ಪಟ್ಟಿ ಬೇಕು. ಮೇಲೆ ಹೇಳಿದ ಹಸ್ತಾಂತರ ಪಟ್ಟಿ ಸರಿಯಿದ್ದರೆ ಇದು ಒಂದು ವಾರದ ಕೆಲಸ. ಮೊದಲ ಬಜೆಟ್‌ನಲ್ಲಿ ಪರಿಶಿಷ್ಟ ಜಾತಿ–ಪಂಗಡಗಳಿಗೆ ಶೇ. 24.10, ಇತರೆ ಬಡವರಿಗೆ ಶೇ. 7.25, ಅಂಗವಿಕಲರಿಗೆ ಶೇ. 5 ಮೀಸಲಿಡಬೇಕು. ನೀರಿಗೂ ಹೊಸ ಅಳತೆ ಬರುತ್ತದೆ: ಹಳ್ಳಿಯ ಯೋಜನೆಗಳು ತಲೆಗೆ 55 ಲೀಟರ್ ಹಿಡಿಯುತ್ತವೆ, ಒಳಚರಂಡಿ ಇರುವ ಪಟ್ಟಣಕ್ಕೆ ಮಾನದಂಡ 135. 12,000 ಜನಕ್ಕೆ ದಿನಕ್ಕೆ 6.6 ಲಕ್ಷ ಲೀಟರ್ ಇದ್ದದ್ದು 16.2 ಲಕ್ಷ. ಒಂದೆರಡು ಕೊಳವೆಬಾವಿ ಹೆಚ್ಚು ಕೊರೆಸಿ ತುಂಬುವ ಅಂತರ ಇದಲ್ಲ, ನದಿಯದೋ ಜಲಾಶಯದ್ದೋ ಮೂಲ ಬೇಕು.

ಚುನಾವಣೆವರೆಗೆ

ದಕ್ಷಿಣ ಕನ್ನಡದ ಕಡಬ, ಬಜಪೆಗಳು ಪಟ್ಟಣ ಪಂಚಾಯಿತಿಯಾದ ಮೇಲೆ ಮೊದಲ ಚುನಾವಣೆಗೆ 2025ರ ತನಕ ಕಾದವು. ಅಷ್ಟು ವರ್ಷವೂ ಆಡಳಿತಾಧಿಕಾರಿಗಳದೇ ಆಡಳಿತ. ಕೇಂದ್ರ ಹಣಕಾಸು ಆಯೋಗದ ಅನುದಾನಕ್ಕೆ ಚುನಾಯಿತ ಸಂಸ್ಥೆ ಇರಬೇಕೆಂಬ ಷರತ್ತಿದೆ, ಹಾಗಾಗಿ ಈ ಕಾಯುವಿಕೆಗೆ ಬೆಲೆಯೂ ಇದೆ. ತಡಕ್ಕೆ ಸಾಮಾನ್ಯ ಕಾರಣ ವಾರ್ಡ್ ವಿಂಗಡಣೆ ಮತ್ತು ಮೀಸಲಾತಿ ಪಟ್ಟಿ. ಎರಡೂ ಕೋರ್ಟಿಗೆ ಹೋಗುತ್ತವೆ.

ವಾರ್ಡ್ ಗಡಿಯ ಕರಡು ಪ್ರಕಟವಾದ ಕೂಡಲೇ ನೋಡಿ. ಗ್ರಾಮ ಪಂಚಾಯಿತಿಯಲ್ಲಿ ಒಂದು ಕ್ಷೇತ್ರಕ್ಕೆ ಇಬ್ಬರು ಮೂವರು ಸದಸ್ಯರಿರಬಹುದು, ಪಟ್ಟಣದಲ್ಲಿ ಒಂದು ವಾರ್ಡಿಗೆ ಒಬ್ಬರೇ. ಆದ್ದರಿಂದ ಒಂದು ಕೇರಿಯನ್ನು ಎರಡು ವಾರ್ಡಿಗೆ ಸೀಳಿದರೆ ಆ ಕೇರಿಯ ಮಾತು ಎರಡೂ ಕಡೆ ಕ್ಷೀಣಿಸುತ್ತದೆ. ಜನಗಣತಿ ಬ್ಲಾಕ್‌ಗಳ ಜನಸಂಖ್ಯೆ ಕೂಡಿಸಿ ವಾರ್ಡ್‌ಗಳ ನಡುವೆ ಅಂತರ ಎಷ್ಟಿದೆ ಎಂದು ಲೆಕ್ಕ ಹಾಕಿ, ಆಕ್ಷೇಪಣೆಯಲ್ಲಿ ರಸ್ತೆಯ ಹೆಸರು, ಮನೆ ಸಂಖ್ಯೆಗಳ ಸಮೇತ ಪರ್ಯಾಯ ಗಡಿ ಸೂಚಿಸಿ. ಇನ್ನೊಂದು ಬದಲಾವಣೆ: ಪಂಚಾಯಿತಿ ಚುನಾವಣೆಗೆ ಪಕ್ಷದ ಚಿಹ್ನೆ ಇರಲಿಲ್ಲ, ಇಲ್ಲಿ ಇರುತ್ತದೆ. ಶಾಸಕರು, ಸಂಸದರು ಪದನಿಮಿತ್ತ ಸದಸ್ಯರಾಗಿ ಮತ ಹಾಕುತ್ತಾರೆ, ಸರ್ಕಾರ ನಾಮನಿರ್ದೇಶನ ಮಾಡಿದವರಿಗೆ ಮತವಿಲ್ಲ.

ಮತದಾರರ ಪಟ್ಟಿಯಲ್ಲಿ ಗಡಿಯಂಚಿನ ಮನೆಗಳೇ ತಪ್ಪುವುದು. ಭಾಗಶಃ ಸೇರಿದ ಹಳ್ಳಿಯ ಮತದಾರರು ಹೊರಗುಳಿದ ಪಂಚಾಯಿತಿಯ ಪಟ್ಟಿಯಲ್ಲೂ ಇರುತ್ತಾರೆ, ಪಟ್ಟಣದ ಪಟ್ಟಿಯಲ್ಲೂ ಇರುತ್ತಾರೆ, ಅಥವಾ ಎರಡರಲ್ಲೂ ಇರುವುದಿಲ್ಲ. ಕರಡು ಪಟ್ಟಿ ಬಂದಾಗ ಅಂತಿಮ ಅಧಿಸೂಚನೆಯ ಸರ್ವೆ ನಂಬರುಗಳ ಅನುಬಂಧವನ್ನು ಕೈಯಲ್ಲಿ ಹಿಡಿದು ಗಡಿಯ ಬೀದಿಗಳಲ್ಲಿ ಮನೆಮನೆ ತಾಳೆ ನೋಡಿ, ತಿದ್ದುಪಡಿ ಅರ್ಜಿಗಳನ್ನು ಗಡುವಿನೊಳಗೆ ತಹಶೀಲ್ದಾರ್ ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ.